ಹಂಡೆಯಲ್ಲಿ ಬೆಂದ ಮೊಟ್ಟೆ

ನಮ್ಮ ಕಡೆ ಕಾಯಿಲೆ ಬೀಳುವುದೆಂದರೆ ಬಡ್ತಿ ಸಿಕ್ಕಿದ ಹಾಗೆ. ಮೈಯಲ್ಲಿ ಕಸುವಿದ್ದಷ್ಟು ದಿನ ರಾಗಿಮುದ್ದೆ, ಸೊಪ್ಪಿನ ಸಾರು. ಮೈ ಬೆಚ್ಚಗಾಯಿತು ಅಂದರೆ ಅಟ್ಟದ ಮೇಲಿನ ಮಡಕೆಯಿಂದ ನೆಲ್ಲಕ್ಕಿ ಇಳಿಯುತ್ತಿತ್ತು. ನಮ್ಮಂಥ ಮನೆಗಳಲ್ಲಿ ಅನ್ನಕ್ಕೆ ಹಕ್ಕುದಾರರು ಮೂವರೇ: ದೇವರು, ನೆಂಟರು, ಕಾಯಿಲೆಯವರು. ದೇವರು ಬರೀ ನೋಡಿ ನಮಗೇ ಬಿಡುತ್ತಿದ್ದ. ನೆಂಟರು ಎರಡು ದಿನಕ್ಕೆ ಬಸ್ಸು ಹತ್ತುತ್ತಿದ್ದರು. ಕಾಯಿಲೆಯವನೊಬ್ಬನೇ ದಿನಾ ಅನ್ನ ಉಂಡು ದಿನಾ ಸೊರಗುತ್ತಿದ್ದ. ಆ ತಪ್ಪನ್ನು ಮಾತ್ರ ಯಾರೂ ಅನ್ನದ ಮೇಲೆ ಹೊರಿಸುತ್ತಿರಲಿಲ್ಲ.

ನಮ್ಮ ಯಜಮಾನರಿಗೆ ಈ ಬಡ್ತಿ ಎರಡು ಸಲ ಸಿಕ್ಕಿತು. ಎರಡನೇ ಸಲದ್ದು ಅವರನ್ನು ಮುಗಿಸಿಯೇಬಿಡುತ್ತಿತ್ತು.

ನಾನು ಆಂಧ್ರದ ಗಡಿಯ ಕಾಮಸಮುದ್ರದ ಕಡೆಯವಳು. ಎಂಟನೇ ಕ್ಲಾಸು ಓದಿದ್ದೆ, ಹಾಗಾಗಿ ಲೋಕದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಅನ್ನುವ ಧಿಮಾಕಿತ್ತು. ಸಿಟ್ಟು ಬಂದರೆ ಕನ್ನಡ ಸಾಲದೆ ತೆಲುಗಿಗೆ ಇಳಿಯುತ್ತಿದ್ದೆ. ಅರವತ್ತರ ದಶಕ ಶುರುವಾಗುವ ಹೊತ್ತಿಗೆ ಮದುವೆಯಾಗಿ ಕೆಜಿಎಫ್‌ನ ಉರಿಗಾಂ ಲೈನುಮನೆಗೆ, ಅಂದರೆ ಗಣಿ ಕೂಲಿಗಳ ಸಾಲುಮನೆಗೆ ಬಂದೆ. ಯಜಮಾನರು ಅಲ್ಲಿನ ನಂದಿದುರ್ಗ ಅನ್ನುವ ಚಿನ್ನದ ಗಣಿಯಲ್ಲಿ ನೆಲದಡಿ ಕೆಲಸಕ್ಕಿದ್ದರು. ಅತ್ತೆ ಮಾತ್ರ ಬಂಗಾರಪೇಟೆಯಿಂದ ಮೂರು ಮೈಲಿಯ ಹಳ್ಳಿಯಲ್ಲಿ, ಎರಡೆಕರೆ ಹೊಲ, ನಾಲ್ಕು ಕೋಳಿ ಇಟ್ಟುಕೊಂಡು ಒಬ್ಬರೇ ಇದ್ದರು. ಅವರಿಗೆ ಜೀವನದಲ್ಲಿ ಇಷ್ಟವಾದದ್ದು ಎರಡು: ಇದ್ದೊಬ್ಬ ಮಗ ಮತ್ತು ಮೂಳೆ ಸಾರು. ಭಾನುವಾರ ಮೂಳೆ ಚೀಪಲು ಕೂತರೆ ಪಕ್ಕದಲ್ಲಿ ಸಿಡಿಲು ಬಿದ್ದರೂ ತಿರುಗುತ್ತಿರಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಅಂತ ಕೇಳುವ ಧೈರ್ಯ ನಾನು ಮಾಡಲಿಲ್ಲ.

ಮದುವೆಯಾದ ಎರಡನೇ ವರ್ಷ ಯಜಮಾನರಿಗೆ ಕೆಮ್ಮು ಹತ್ತಿತು. ಗಣಿಯವರು ಕೆಮ್ಮುವುದು ದೊಡ್ಡ ಸುದ್ದಿಯಲ್ಲ. ಇಡೀ ಲೈನು ಬೆಳಗ್ಗೆ ಸೈರನ್ನಿಗಿಂತ ಮೊದಲು ಕೆಮ್ಮಿಯೇ ಏಳುತ್ತಿತ್ತು. ಆದರೆ ಒಂದು ದಿನ ಅವರು ಒರೆಸಿಕೊಂಡ ಟವೆಲಿನಲ್ಲಿ ಕೆಂಪು ಕಂಡಿತು. ಆಸ್ಪತ್ರೆಯಲ್ಲಿ ಎದೆಯ ಡಾಕ್ಟರು ಫೋಟೋ ತೆಗೆಸಿ, ಕ್ಷಯ ಅಂದರು. ದಿನಾ ಸೊಂಟಕ್ಕೊಂದು ಇಂಜೆಕ್ಷನ್, ಜೊತೆಗೆ ಮಾತ್ರೆ, ಒಂದೂವರೆ ವರ್ಷ ಬಿಡಬಾರದು ಅಂದರು. ಆ ಡಾಕ್ಟರು ತಮಿಳು ಮಾತಿನವರು, ತಾವೇ ಕಡ್ಡಿಯಂತೆ ತೆಳ್ಳಗಿದ್ದರು. ರೋಗಿ ಯಾರು, ಡಾಕ್ಟರು ಯಾರು ಅಂತ ಕೋಟು ನೋಡಿ ತಿಳಿಯಬೇಕಿತ್ತು.

ಮೂರು ತಿಂಗಳಿಗೆ ಜ್ವರ ಬಿಟ್ಟಿತು, ಕೆಮ್ಮು ನಿಂತಿತು, ಸೊಂಟ ಮಾತ್ರ ಜರಡಿಯಾಗಿತ್ತು. ಅಷ್ಟರಲ್ಲಿ ಅತ್ತೆ ಊರಿಂದ ಬಂದರು.

"ಸೂಜಿ ಅಂದ್ರೆ ಉಷ್ಣ ಕಣ್ಲಾ. ರಕ್ತ ಸುಟ್ಟೋಯ್ತದೆ. ವಾಸಿಯಾದ್ ಮೇಲೂ ಯಾಕ್ಲಾ ಚುಚ್ಚಿಸ್ಕಂತೀಯ?" ಅಂದರು.

ಯಜಮಾನರಿಗೆ ಬೇಕಾದದ್ದೂ ಅದೇ ಮಾತು. ಎಂಟನೇ ಕ್ಲಾಸಿನ ಪಂಡಿತೆ ನಾನೂ ತಲೆಯಾಡಿಸಿದೆ. ಆ ಮನೆಯಲ್ಲಿ ಮೂವರೂ ಜಗಳವಿಲ್ಲದೆ ಒಪ್ಪಿಕೊಂಡ ವಿಷಯ ಅದೊಂದೇ. ಆಸ್ಪತ್ರೆಗೆ ಹೋಗುವುದು ಬಿಟ್ಟು ಅವರು ಮತ್ತೆ ಗಣಿಗೆ ಇಳಿದರು.

ವರ್ಷ ತಿರುಗುವ ಮೊದಲೇ ಟವೆಲು ಮತ್ತೆ ಕೆಂಪಾಯಿತು. ಈ ಸಲ ಅದೇ ಇಂಜೆಕ್ಷನ್ ಎರಡು ತಿಂಗಳು ಕೊಟ್ಟರೂ ಜ್ವರ ಜಗ್ಗಲಿಲ್ಲ. ಡಾಕ್ಟರು ಕಫವನ್ನು ಬೆಂಗಳೂರಿಗೆ ಕಳಿಸಿದರು. ಉತ್ತರ ಬಂದ ದಿನ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ನೀವು ಹುಳಗಳಿಗೆ ಸ್ಕೂಲು ನಡೆಸಿದ್ದೀರಿ. ಮೂರು ತಿಂಗಳು ನನ್ನ ಔಷಧಿ ತೋರಿಸಿ ಪಾಠ ಹೇಳಿ ನಿಲ್ಲಿಸಿದಿರಿ. ಈಗ ಅವೆಲ್ಲಾ ಪಾಸಾಗಿವೆ. ನನ್ನ ಸೂಜಿಗೆ ಇನ್ನು ಹೆದರೋದಿಲ್ಲ" ಅಂದರು.

ಬೇರೆ ಮಾತ್ರೆಯೊಂದನ್ನು ಕಷ್ಟಪಟ್ಟು ಬೆಂಗಳೂರಿನಿಂದ ತರಿಸಿದರು. ಕಿತ್ತಳೆ ಬಣ್ಣದ್ದು. ನುಂಗಿದರೆ ಹೊಟ್ಟೆಯೇ ಮಗುಚಿಬೀಳುವಂಥದ್ದು. ಇದೇ ಕೊನೆ, ಇದೂ ನಾಟದಿದ್ದರೆ ನನ್ನ ಬೀರುವಿನಲ್ಲಿ ಇನ್ನೇನೂ ಇಲ್ಲ ಅಂದರು. ಲೈನಿನ ಹೊಗೆ ಬಿಟ್ಟು ಹಳ್ಳಿಯ ಗಾಳಿಯಲ್ಲಿರಿ, ಹದಿನೈದು ದಿನಕ್ಕೊಂದು ಗುರುವಾರ ಬಂದು ತೂಕ ಹಾಕಿಸಿ, ಮಾತ್ರೆ ತಗೊಂಡು ಹೋಗಿ ಅಂದರು. ಏಳುವಾಗ ನನ್ನ ಕಡೆ ತಿರುಗಿ, "ಒಳ್ಳೆ ಊಟ ಹಾಕಮ್ಮಾ" ಅಂದರು. ಎಲ್ಲ ಎಡವಟ್ಟೂ ಶುರುವಾದದ್ದು ಆ ಮಾತಿನಿಂದಲೇ.

ನಾನು ಆ ಮಾತನ್ನು ಹಾಗೇ ತಂದು ಅತ್ತೆಗೆ ಒಪ್ಪಿಸಿದೆ. ಒಳ್ಳೆ ಊಟ ಅಂದರೆ ಏನು ಅಂತ ನಮ್ಮ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅನ್ನ. ಅದರಲ್ಲೂ ಕಾಯಿಲೆಯವನಿಗೆ ತೆಳ್ಳನೆಯ ಗಂಜಿ, ಮೆಣಸಿನ ಸಾರು. ಅತ್ತೆ ಹೊಲದ ರಾಗಿ ಕೊಟ್ಟು ಬಂಗಾರಪೇಟೆ ಸಂತೆಯಿಂದ ಬೆಳ್ಳಗೆ ಮಲ್ಲಿಗೆಯಂಥ ಅಕ್ಕಿ ತಂದರು. ಜೊತೆಗೆ ಊರಮ್ಮನಿಗೆ ಹರಕೆ ಹೊತ್ತರು. ಮಗ ಎದ್ದು ಓಡಾಡುವ ತನಕ ತಮ್ಮ ಮನೆಯ ಒಲೆಯ ಮೇಲೆ ನೀಸು, ಅಂದರೆ ಮಾಂಸ ಮೊಟ್ಟೆ ಮೀನು ಯಾವುದೂ ಏರುವುದಿಲ್ಲ ಅಂತ. ಮೂಳೆ ಸಾರಿನ ಮಡಕೆಯನ್ನು ತೊಳೆದು ಅಟ್ಟಕ್ಕೆ ಹಾಕಿದರು. ಆ ಮಡಕೆಯನ್ನು ಅವರು ಮೇಲೆತ್ತಿಟ್ಟ ರೀತಿ ನೋಡಿದರೆ ಯಾರನ್ನೋ ಮಣ್ಣು ಮಾಡುತ್ತಿದ್ದಾರೆ ಅನ್ನಬೇಕು.

ಹಳ್ಳಿಗೆ ಬಂದಾಗ ಯಜಮಾನರ ತೂಕ ತೊಂಬತ್ತಾರು ಪೌಂಡು. ಮೊದಲನೇ ಗುರುವಾರ ತೊಂಬತ್ಮೂರಕ್ಕೆ ಇಳಿಯಿತು. ಅತ್ತೆ ಕೇಳಿ ಯೋಚನೆ ಮಾಡಿ, ಬದನೆಕಾಯಿ ನಂಜು, ಅದನ್ನು ನಿಲ್ಲಿಸಿ ಅಂದರು. ಮುಂದಿನ ಸಲ ತೊಂಬತ್ತು. ಕಡಲೆಕಾಯಿ ಪಿತ್ತ ಅಂತ ಅದೂ ಹೋಯಿತು. ಆಮೇಲೆ ಎಂಬತ್ತೆಂಟು. ಮೊಸರು ಶೀತ, ಬೇಳೆ ವಾಯು, ಅವರೆಕಾಳಂತೂ ಹೆಸರೆತ್ತಬೇಡಿ. ತೂಕ ಇಳಿದ ಹಾಗೆಲ್ಲಾ ತಟ್ಟೆಯಿಂದ ಒಂದೊಂದು ಪದಾರ್ಥ ಇಳಿಯುತ್ತಿತ್ತು. ನಾವಿಬ್ಬರೂ ಪಕ್ಕದಲ್ಲಿ ಕೂತು ಮುದ್ದೆ, ಹುರುಳಿಸಾರು ಮುರಿಯುತ್ತಿದ್ದರೆ, ಮನೆಗೆಲ್ಲಾ ದೊಡ್ಡ ಮರ್ಯಾದೆಯ ಊಟ ಉಣ್ಣುವ ಗಂಡಸು ಗೋಡೆಗೆ ಒರಗಿ ನಮ್ಮ ತಟ್ಟೆಯನ್ನೇ ನೋಡುತ್ತಿದ್ದರು.

ಒಂದು ದಿನ ನನಗೆ ತಡೆಯಲಾಗದೆ, ಒಂದು ತುತ್ತು ಮುದ್ದೆಯಾದರೂ ಕೊಡೋಣ ಅತ್ತೆ ಅಂದೆ. ಅತ್ತೆ ತುತ್ತು ತಟ್ಟೆಗೆ ಹಾಕಿ ನನ್ನ ನೋಡಿದರು.

"ಇವ್ನಪ್ಪಂಗೂ ಇದೇ ಕೆಮ್ಮು ಬಂದಿತ್ತು. ಕೇಳಿದ್ದೆಲ್ಲಾ ಮಾಡಿಕ್ಕಿದೆ. ಕೋಳಿ ಅಂದ, ಕೋಳಿ ಕುಯ್ದೆ. ಮೊಟ್ಟೆ ಅಂದ, ಮೊಟ್ಟೆ ಕೊಟ್ಟೆ. ಉಳ್ದನಾ?"

ಆ ಕಾಲಕ್ಕೆ ಈ ಕಾಯಿಲೆಗೆ ಔಷಧಿಯೇ ಇರಲಿಲ್ಲ, ಉಣ್ಣಿಸಿದ್ದರಿಂದ ಸತ್ತದ್ದಲ್ಲ ಅಂತ ಹೇಳಬಹುದಿತ್ತು. ಅಷ್ಟು ದಿನ ಅವರನ್ನು ಮೊಂಡು ಮುದುಕಿ ಅಂದುಕೊಂಡಿದ್ದೆ. ಅವತ್ತು ಅವರ ಮೇಲೆ ಕನಿಕರವಾಯಿತು, ಅದರ ಹಿಂದೆಯೇ ಭಯವಾಯಿತು. ಹೆದರಿದವರ ಜೊತೆ ಜಗಳವಾಡಿ ಗೆಲ್ಲುವುದು ಸಾಧ್ಯವಿಲ್ಲ.

ಇದಾದ ಮುಂದಿನ ಗುರುವಾರ ಒಂದು ಪವಾಡ ನಡೆಯಿತು. ತೂಕ ತೊಂಬತ್ತೊಂದು. ಅದರಾಚೆಯ ಗುರುವಾರ ತೊಂಬತ್ನಾಲ್ಕು. ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನೋಡ್ದಾ, ಗಂಜಿ ಮೈಗತ್ತಕ್ಕೆ ವಸಿ ಟೇಮು ಬೇಕು" ಅಂತ ಬೀದಿಗೆಲ್ಲಾ ಸಾರಿಕೊಂಡು ಬಂದರು. ಆಚೆಮನೆಯವರು ಆರೋಗ್ಯವಾಗಿದ್ದ ಮಗಳಿಗೂ ಗಂಜಿ ಶುರುಮಾಡಿದರು. ನಾನು ಮಾತ್ರ ಯಜಮಾನರ ಕೆನ್ನೆ ನೋಡುತ್ತಿದ್ದೆ. ಮೈ ತೂಕವಾದಷ್ಟೂ ಕೆನ್ನೆ ಒಳಗೆ ಹೋಗುತ್ತಿದ್ದುದು ನನ್ನ ಎಂಟನೇ ಕ್ಲಾಸಿನ ಲೆಕ್ಕಕ್ಕೆ ಹತ್ತಲಿಲ್ಲ.

ದೀಪಾವಳಿ ಹತ್ತಿರದ ಗುರುವಾರ ಅದು ಬಯಲಾಯಿತು. ಬಂಗಾರಪೇಟೆಯಿಂದ ಕೆಜಿಎಫ್ ಗಾಡಿ ಹತ್ತಿ ಉರಿಗಾಂ ಸ್ಟೇಷನ್ನಿನಲ್ಲಿ ಇಳಿದೆವು. ಅವರು ಎಂದಿನಂತೆ, ಒಂದಕ್ಕೆ ಹೋಗಿ ಬತ್ತೀನಿ ಅಂತ ಗೂಡ್ಸ್ ಡಬ್ಬಿಗಳ ಹಿಂದೆ ಹೋದರು. ಹೋಗುವಾಗ ಹಗುರಾಗಿ ಹೋದವರು ಬರುವಾಗ ತುಂಬಿದ ಬಸುರಿಯ ಹಾಗೆ ಬಂದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅವರ ಸೊಂಟ ಕಟಕ್ ಅಂತು. ಮನುಷ್ಯರ ಸೊಂಟ ಹಾಗೆ ಸದ್ದು ಮಾಡುವುದಿಲ್ಲ. ನಾನು ಪಂಚೆಯ ಮೇಲೆ ಕೈಯಿಟ್ಟು ನೋಡಿದೆ. ರೈಲು ಹಳಿಯ ಜಲ್ಲಿಕಲ್ಲು. ಸೊಂಟದ ಸುತ್ತ ಟವೆಲಿನಲ್ಲಿ ಗಂಟು ಹಾಕಿ ಸಾಲಾಗಿ ಕಟ್ಟಿಕೊಂಡಿದ್ದರು.

"ಸುಮ್ನಿರು. ತೂಕ ಇಳೀತು ಅಂದ್ರೆ ಅಮ್ಮ ಇನ್ನೇನ್ ನಿಲ್ಲಿಸ್ತಾಳೆ ಗೊತ್ತಾ? ಇರೋದು ಉಪ್ಪಿನಕಾಯಿ ಒಂದೇ. ಅದೂ ಓಯ್ತದೆ" ಅಂತ ಪಿಸುಗುಟ್ಟಿದರು. "ವಾಪಸ್ ಓಗೋವಾಗ ಕಲ್ಲು ಅಲ್ಲೇ ಆಕ್ತೀನಿ. ಸರ್ಕಾರದ್ದು, ಒಂದೂ ಮನೆಗೆ ತಗಂಡೋಗಿಲ್ಲ."

ನಾಲಿಗೆಯ ತುದಿಗೆ ತೆಲುಗು ಬಂತು. ಅಷ್ಟರಲ್ಲಿ ಒಳಗೆ ಕರೆದರು. ತೂಕದ ಯಂತ್ರ ಹತ್ತಿದರು. ಡಾಕ್ಟರು ಹಿತ್ತಾಳೆ ಪಟ್ಟಿಯ ಮೇಲೆ ಗುಂಡು ಸರಿಸಿ, ತೊಂಬತ್ತೇಳು ಅಂದು ಖುಷಿಯಾದರು. ಮೈ ತಡೆಯುವ ಹಾಗಾಗಿದೆ, ಇವತ್ತಿನಿಂದ ಎರಡು ಮಾತ್ರೆ ಮೂರು ಮಾಡೋಣ ಅಂತ ಚೀಟಿ ಬರೆಯಲು ಪೆನ್ನು ತೆಗೆದರು. ಎರಡು ಮಾತ್ರೆಗೇ ಇವರು ದಿನಾ ವಾಂತಿ ಮಾಡಿ ಬವಳಿ ಬೀಳುತ್ತಿದ್ದರು. ಮೂರನೆಯದನ್ನು ಕೊಡುತ್ತಿದ್ದುದು ನನ್ನ ಗಂಡನಿಗಲ್ಲ, ರೈಲ್ವೆಯ ಕಲ್ಲಿಗೆ.

"ಪಂಚೆ ಒಳಗೆ ನೋಡಿ ಸಾರ್" ಅಂದೆ.

ಯಜಮಾನರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಗಂಟು ಬಿಚ್ಚಿದರು. ಡಾಕ್ಟರು ಒಂದೊಂದೇ ಕಲ್ಲನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಬೈಯಲಿಲ್ಲ. ಕಲ್ಲುಗಳ ಕಡೆ ಕೈ ತೋರಿಸಿ, "ಇವರಿಗೆ ಕಾಯಿಲೆ ಏನೂ ಇಲ್ಲ. ಚೆನ್ನಾಗಿದ್ದಾರೆ. ಈಗ ನೀನು ಹತ್ತಪ್ಪಾ" ಅಂದರು.

ಎಂಬತ್ತಾರು.

ಆಮೇಲೆ ಅವರು ನನ್ನನ್ನು, ಮನೆಯಲ್ಲಿ ಏನು ಊಟ ಅಂತ ಕೇಳಿದರು. ನಾನು ಹೇಳಿದೆ. ಹೇಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಡಾಕ್ಟರು ಎರಡೂ ಕೈಯಲ್ಲಿ ಹಣೆ ಒತ್ತಿಕೊಂಡರು.

"ನಾನು ಒಳ್ಳೆ ಊಟ ಅಂದಿದ್ದೆನಲ್ಲಮ್ಮಾ."

"ಒಳ್ಳೆ ಅಕ್ಕೀನೇ ಸಾರ್" ಅಂದೆ.

"ನೀವೇನು ತಿಂತೀರಿ?"

"ನಮಗೇನ್ ಸಾರ್, ಮುದ್ದೆ, ಕಾಳುಸಾರು, ಸೊಪ್ಪು."

"ಹಾಗಾದರೆ ಅದನ್ನ ಅವನಿಗೆ ಹಾಕಿ, ಗಂಜಿ ನೀವು ಕುಡೀರಿ" ಅಂದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ನಿಧಾನಕ್ಕೆ ನನಗೆ ತಿಳಿಯುವ ಹಾಗೆ ಹೇಳಿದರು. "ಮಾತ್ರೆ ಅನ್ನೋದು ಊದುಕೊಳವೆ. ಸೌದೆ ನೀವು ಹಾಕಬೇಕು. ಸೌದೆ ಇಲ್ಲದ ಒಲೆಗೆ ಎಷ್ಟು ಊದಿದರೂ ಬೂದಿ ಹಾರುತ್ತೆ ಅಷ್ಟೆ. ಮುದ್ದೆ, ಕಾಳು, ಹಾಲು, ದಿನಾ ಎರಡು ಮೊಟ್ಟೆ. ಶಿವರಾತ್ರಿಗೆ ನೂರು ಪೌಂಡು ಆಗಬೇಕು. ಆಗಲಿಲ್ಲ ಅಂದರೆ ಈ ಮಾತ್ರೆ ನಿಲ್ಲಿಸಬೇಕಾಗುತ್ತೆ. ಬರೀ ಮೂಳೆಗೆ ಇದನ್ನ ಕೊಟ್ಟರೆ ಕಾಯಿಲೆಗಿಂತ ಮೊದಲು ಮಾತ್ರೆನೇ ಕೊಲ್ಲುತ್ತೆ."

ನಿಲ್ಲಿಸಿದ ಮೇಲೆ ಬೀರುವಿನಲ್ಲಿ ಬೇರೆ ಏನೂ ಇಲ್ಲ ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ವಾಪಸು ಗಾಡಿ ಹತ್ತಿದೆವು. ಕೋಲಾರದ ಬಯಲು ಕಿಟಕಿಯಲ್ಲಿ ಸರಿಯುತ್ತಿತ್ತು. ಬಂಗಾರಪೇಟೆ ಬರುವ ಮೊದಲು ಒಪ್ಪಂದ ಮಾಡಿಕೊಂಡೆವು. ಕಲ್ಲಿನ ವಿಷಯ ಅತ್ತೆಗೆ ಹೇಳುವುದಿಲ್ಲ. ತೂಕ ತೊಂಬತ್ತೇಳು ಅಂತಲೇ ಹೇಳುವುದು. ನಿಜವಾದ ತೂಕವನ್ನು ಕದ್ದು ತುಂಬಿಸುವುದು. ಅವರಿಗೆ ಇದು ತಮಾಷೆಯಾಗಿ ಕಂಡಿತು, ನಕ್ಕು ಕೆಮ್ಮಿದರು. ನನಗೆ ಕಾಣಲಿಲ್ಲ. ಹರಕೆ ಹೊತ್ತ ಮನೆಯಲ್ಲಿ ಕದ್ದು ಮೊಟ್ಟೆ ತಿನ್ನಿಸಿ ಗಂಡ ಸತ್ತರೆ, ಕೊಂದವಳು ನಾನೇ ಆಗುತ್ತಿದ್ದೆ. ಊರು ಹಾಗನ್ನುತ್ತಿತ್ತು, ಅತ್ತೆ ಹಾಗನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ಹಾಗೇ ನಂಬುತ್ತಿದ್ದೆ. ಎಂಟನೇ ಕ್ಲಾಸಿನ ವಿದ್ಯೆ ಊರಮ್ಮನ ಎದುರು ಅಷ್ಟು ದೂರ ಬರುವುದಿಲ್ಲ.

ಮುದ್ದೆಯ ಸಮಸ್ಯೆ ಸುಲಭವಾಗಿ ಬಗೆಹರಿಯಿತು. ಡಾಕ್ಟರು ಹೇಳಿದ ಗಾಳಿಗಾಗಿ ಯಜಮಾನರು ಹಗಲೆಲ್ಲಾ ಹೊಲದ ಬದುವಿನ ಹೊಂಗೆಮರದ ಕೆಳಗೆ ಮಲಗುತ್ತಿದ್ದರು. ಅವರ ಗಂಜಿಯ ಚೊಂಬು, ನನ್ನ ಮುದ್ದೆಯ ಗಂಟು ಎರಡನ್ನೂ ನಾನೇ ಒಯ್ಯುತ್ತಿದ್ದೆ. ಮರದ ಕೆಳಗೆ ಅದಲುಬದಲಾಗುತ್ತಿತ್ತು. ಗಂಜಿ ನಾನು ಕುಡಿಯುತ್ತಿದ್ದೆ. ಕಳೆ ಕೀಳುವಾಗ ಕಣ್ಣು ಕತ್ತಲೆ ಬರಲು ಶುರುವಾದ ಮೇಲೆ ಆ ಪಥ್ಯದ ಮಹಿಮೆ ನನಗೆ ಚೆನ್ನಾಗಿ ತಿಳಿಯಿತು, ಆಮೇಲೆ ಗಂಟಿನಲ್ಲಿ ಎರಡು ಮುದ್ದೆ ಕಟ್ಟಿದೆ. ಹೊಟ್ಟೆ ಅಷ್ಟು ದೊಡ್ಡದಾ ನಿಂದು ಅಂತ ಅತ್ತೆ ಕೇಳಿದರು. ಹೌದು ಅಂದೆ.

ಕಷ್ಟವಾದದ್ದು ಮೊಟ್ಟೆ. ಕೋಳಿಗಳು ಅತ್ತೆಯವು. ಮೊಟ್ಟೆಯನ್ನು ಮರಿಗೆ ಕೂರಿಸಲು, ಸಂತೆಗೆ ಒಯ್ಯಲು ಬುಟ್ಟಿಯಲ್ಲಿ ಜೋಡಿಸಿಡುತ್ತಿದ್ದರು. ಕದಿಯುವುದಂತೂ ಸರಿ, ಬೇಯಿಸುವುದೆಲ್ಲಿ? ಒಲೆಯ ಮೇಲೆ ನೀಸು ಏರುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಾಗಿದೆ. ಆಗ ನನಗೆ ಬಚ್ಚಲ ಹಂಡೆ ಕಂಡಿತು. ಹಂಡೆಯ ಒಲೆ ಅಡುಗೆಯ ಒಲೆಯಲ್ಲವಲ್ಲ. ಕಳ್ಳನಿಗೊಂದು ಪಿಳ್ಳೆ ನೆವ. ಎರಡು ಮೊಟ್ಟೆಯನ್ನು ಬಟ್ಟೆಯಲ್ಲಿ ಕಟ್ಟಿ, ದಾರ ಬಿಗಿದು, ಬೆಳಗ್ಗೆ ನೀರು ಕಾಯುವ ಹಂಡೆಯೊಳಗೆ ಇಳಿಬಿಟ್ಟೆ. ಮೊದಲನೇ ದಿನ ಒಂದು ಒಡೆದು ಬಿಳಿ ಎಳೆಗಳು ನೀರಿನ ಮೇಲೆ ತೇಲಿದವು. ಕೈಯಲ್ಲಿ ಬಾಚಿ ತೆಗೆದೆ. ಅಷ್ಟರಲ್ಲಿ ಅತ್ತೆ ಸ್ನಾನಕ್ಕೆ ಬಂದರು. ಆ ನೀರನ್ನೇ ಮೈಗೆ ಹುಯ್ದುಕೊಂಡು, ಮಡಿಯಾಗಿ, ಹೂ ಹಿಡಿದು ಊರಮ್ಮನ ಗುಡಿಗೆ ಹೋದರು. ನಾನು ಬಚ್ಚಲ ಗೋಡೆ ಹಿಡಿದುಕೊಂಡು ನಿಂತೆ. ನಗುವೂ ಬಂತು, ಭಯವೂ ಬಂತು.

ಯಜಮಾನರು ಮೊದಲ ಮೊಟ್ಟೆ ತಿಂದು ಅಲ್ಲೇ ಕಾರಿಕೊಂಡರು. ಮಾತ್ರೆಯ ಗುಣ ಅದು. ನಾನು ಅಳುತ್ತಾ ಬೈದೆ, ಬೈಯುತ್ತಾ ಎರಡನೆಯದನ್ನು ಸುಲಿದು ಚೂರು ಚೂರಾಗಿ ತಿನ್ನಿಸಿದೆ. ಅದು ನಿಂತಿತು. ವಾರ ಕಳೆದ ಮೇಲೆ ಎರಡೂ ನಿಂತವು. ಇನ್ನೊಂದು ವಾರಕ್ಕೆ, ಮುದ್ದೆ ಯಾಕೆ ಇಷ್ಟು ಚಿಕ್ಕದು ಅಂತ ನನ್ನ ಮೇಲೇ ರೇಗಿದರು. ಆ ರೇಗು ಕೇಳಿ ನನಗಾದ ಸಂತೋಷ ಹೇಳತೀರದು.

ಬುಟ್ಟಿಯ ಮೊಟ್ಟೆ ಕಡಿಮೆಯಾಗುತ್ತಿರುವುದು ಅತ್ತೆಗೆ ಗೊತ್ತಾಯಿತು. ಮುಂಗುಸಿ ಬರುತ್ತಿದೆ ಅಂದರು. ನಾನೂ, ಹೌದತ್ತೆ, ದಪ್ಪ ಮುಂಗುಸಿ, ನಾನೇ ಕಂಡೆ ಅಂದೆ. ಅತ್ತೆ ಬುಟ್ಟಿಯನ್ನು ಎತ್ತಿ ಅಟ್ಟಕ್ಕಿಡುತ್ತಾರೆ ಅಂತ ಹೆದರಿದ್ದೆ. ಅಲ್ಲೇ ಬಿಟ್ಟರು.

"ತಿನ್ಲಿ ಬಿಡು. ಅದ್ಕೂ ಒಟ್ಟೆ ಐತೆ" ಅಂದರು.

ಎಂಥ ಪೆದ್ದ ಮುದುಕಿ ಅಂತ ಮನಸ್ಸಿನಲ್ಲೇ ನಕ್ಕೆ.

ಆಸ್ಪತ್ರೆಯಲ್ಲಿ ಡಾಕ್ಟರು ಈಗ ಪ್ರತಿ ಸಲ ಯಜಮಾನರ ಸೊಂಟ ತಡವಿ, ಜೇಬು ಹೊರಗೆ ಎಳೆಸಿ, ಆಮೇಲೆ ಯಂತ್ರ ಹತ್ತಿಸುತ್ತಿದ್ದರು. ಎಂಬತ್ತೆಂಟು. ತೊಂಬತ್ತು. ತೊಂಬತ್ಮೂರು. ಮನೆಯಲ್ಲಿ ಮಾತ್ರ ನಾವು ಆಗಲೇ ತೊಂಬತ್ತೇಳು ಅಂದುಬಿಟ್ಟಿದ್ದರಿಂದ, ನಿಜವಾದ ತೂಕ ಸುಳ್ಳನ್ನು ಹಿಡಿಯುವ ತನಕ ಅಲ್ಲೇ ನಿಂತಿದೆ ಅಂತ ಹೇಳುತ್ತಾ ಬಂದೆವು. ಅತ್ತೆ ಹೂಂ ಅನ್ನುತ್ತಿದ್ದರು. ವಿಚಿತ್ರವೆಂದರೆ, ತೂಕ ಏರದಿದ್ದರೂ ಅವರು ಆಮೇಲೆ ತಟ್ಟೆಯಿಂದ ಏನನ್ನೂ ಇಳಿಸಲಿಲ್ಲ.

ಸಂಕ್ರಾಂತಿ ಮುಗಿದು ಚಳಿ ಕಚ್ಚತೊಡಗಿತು. ಮಾಗಿಯಲ್ಲಿ ಕೋಳಿ ಮೊಟ್ಟೆ ನಿಲ್ಲಿಸುತ್ತವೆ ಅನ್ನುವುದು ನನಗೆ ಮರೆತೇಹೋಗಿತ್ತು. ಒಂದು ಬೆಳಗ್ಗೆ ನಾಲ್ಕು ಕೋಳಿಯೂ ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿದ್ದವು, ಬುಟ್ಟಿ ಖಾಲಿ. ತೂಕ ಆಗ ತೊಂಬತ್ತೈದು, ಶಿವರಾತ್ರಿಗೆ ತಿಂಗಳಿಲ್ಲ. ಅವತ್ತೆಲ್ಲಾ ನನಗೆ ಕೆಲಸದ ಮೇಲೆ ಕೈ ಓಡಲಿಲ್ಲ. ಆದರೆ ಮರುದಿನ ಬುಟ್ಟಿಯಲ್ಲಿ ಎರಡು ಮೊಟ್ಟೆಯಿದ್ದವು. ಅದರ ಮರುದಿನವೂ ಎರಡು. ಕೋಳಿಗಳಿಗೇ ನನ್ನ ಮೇಲೆ ಕರುಣೆ ಬಂತು ಅಂದುಕೊಂಡು ಒಂದು ಹಿಡಿ ರಾಗಿ ಹೆಚ್ಚಿಗೆ ಹಾಕಿದೆ.

ಹೀಗೇ ನಡೆಯುತ್ತಿರಲು ಒಂದು ಬೆಳಗ್ಗೆ ಬುಟ್ಟಿಗೆ ಕೈ ಹಾಕಿದರೆ, ಬೊಗಸೆ ತುಂಬುವಂಥ ಮೊಟ್ಟೆ ಸಿಕ್ಕಿತು. ತಿಳಿಹಸಿರು ಬಣ್ಣ. ನಮ್ಮ ಕೋಳಿ ಅದನ್ನು ಇಟ್ಟಿದ್ದರೆ ಬದುಕಿ ಉಳಿಯುತ್ತಿರಲಿಲ್ಲ. ಅದು ಬಾತುಮೊಟ್ಟೆ. ಊರ ಕೆರೆಯ ಕೆಳಗೆ ಭತ್ತ ಕೊಯ್ದ ಗದ್ದೆಗಳಲ್ಲಿ ಆಗ ಆಂಧ್ರದ ಕಡೆಯ ಬಾತು ಮೇಯಿಸುವವರು ಮಂದೆ ಬಿಟ್ಟುಕೊಂಡು ಬೀಡುಬಿಟ್ಟಿದ್ದರು. ಅಲ್ಲಿಂದ ನಮ್ಮ ಕೋಳಿಗೂಡಿಗೆ ಒಂದು ಮೈಲಿ. ಬಾತುಕೋಳಿ ಅಷ್ಟು ದೂರ ನಡೆದು ಬಂದು ಮೊಟ್ಟೆಯಿಟ್ಟು ಹೋಗುವುದಿಲ್ಲ.

ಮೊಟ್ಟೆ ಕೈಯಲ್ಲಿ ಹಿಡಿದು ತಿರುಗಿದೆ. ಅತ್ತೆ ಅಂಗಳದಲ್ಲಿ ಅವರೆಕಾಳು ಕೇರುತ್ತಿದ್ದರು. ಮೊರದಲ್ಲಿ ಕಾಳು ಕಡಿಮೆಯಿತ್ತು. ಆ ವಾರವೆಲ್ಲಾ ಕಾಳಿನ ಚೀಲ ಯಾಕೆ ಇಳಿಯುತ್ತಿದೆ ಅಂತ ನನಗೆ ಅನುಮಾನವಿತ್ತು; ಕಾಳು ಕೊಟ್ಟು ಮೊಟ್ಟೆ ತರುತ್ತಿದ್ದರು ಅಂತ ಈಗ ಹೊಳೆಯಿತು. ಅವರು ನನ್ನನ್ನು ನೋಡಿದರು, ಮೊಟ್ಟೆಯನ್ನು ನೋಡಿದರು, ಮತ್ತೆ ಕೇರತೊಡಗಿದರು.

"ದೊಡ್ಡದು ಅದು. ಬೇಯಕ್ಕೆ ವಸಿ ಒತ್ತು ಬೇಕು. ಅಂಡೆಗೆ ಇನ್ನೆರಡು ಸೌದೆ ಆಕು" ಅಂದರು.

ನಾನು ಬಚ್ಚಲಿಗೆ ಹೋಗಿ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಹೊಗೆಗೆ ಅಂತ ಅವರಿಗೆ ಹೇಳಿಕೊಳ್ಳಬಹುದಿತ್ತು. ಅವರು ಕೇಳಲಿಲ್ಲ. ಆಮೇಲೆ ಶಿವರಾತ್ರಿಯವರೆಗೆ ಇಬ್ಬರೂ ಆ ಮಾತೆತ್ತಲಿಲ್ಲ. ಅವರು ಬುಟ್ಟಿಗೆ ಇಡುತ್ತಿದ್ದರು, ನಾನು ಬುಟ್ಟಿಯಿಂದ ಕದಿಯುತ್ತಿದ್ದೆ, ಮುಂಗುಸಿಗೆ ದಿನಾ ಇಬ್ಬರೂ ಸೇರಿ ಬೈಯುತ್ತಿದ್ದೆವು.

ಶಿವರಾತ್ರಿಯ ಹಿಂದಿನ ಗುರುವಾರ ಡಾಕ್ಟರು ಗುಂಡನ್ನು ನೂರಕ್ಕೆ ಸರಿಸಿದರು. ಪಟ್ಟಿ ಮೇಲೇ ನಿಂತಿತು. ಇನ್ನೊಂದಿಷ್ಟು ಸರಿಸಿದರು. ನೂರಾ ಒಂದು. ಮತ್ತೊಮ್ಮೆ ಯಜಮಾನರ ಸೊಂಟ ತಡವಿ ನೋಡಿದರು. ಏನೂ ಇರಲಿಲ್ಲ, ಸ್ವಲ್ಪ ಮಾಂಸವಿತ್ತು. "ಇನ್ನು ಮೂರು ಮಾತ್ರೆ" ಅಂದು, ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಒಂದು ಜಲ್ಲಿಕಲ್ಲನ್ನು ಎತ್ತಿ ಯಜಮಾನರಿಗೆ ತೋರಿಸಿ ನಕ್ಕರು. ಈ ಸಲ ಯಾರೂ ಔಷಧಿಯನ್ನು ನಡುವೆ ನಿಲ್ಲಿಸಲಿಲ್ಲ. ಎರಡು ವರ್ಷ ನುಂಗಿದರು. ಕಫದಲ್ಲಿ ಹುಳ ಇಲ್ಲ ಅಂತ ಬೆಂಗಳೂರಿನಿಂದ ಚೀಟಿ ಬಂತು, ಅದಾದ ಮೇಲೂ ಡಾಕ್ಟರು ಹೇಳಿದಷ್ಟು ದಿನ ನುಂಗಿದರು.

ಹರಕೆ ತೀರಿಸಲು ಊರಮ್ಮನಿಗೆ ಮರಿ ಕುಯ್ದೆವು. ಅಟ್ಟದ ಮಡಕೆ ಇಳಿಯಿತು. ನಾನೇ ಮೂಳೆ ಸಾರು ಮಾಡಿ, ಒಳ್ಳೆಯ ಮೂಳೆಗಳನ್ನೆಲ್ಲಾ ಆರಿಸಿ ಅತ್ತೆಯ ತಟ್ಟೆಗೆ ಬಡಿಸಲು ಹೋದೆ. ಅವರು ತಟ್ಟೆಗೆ ಕೈ ಅಡ್ಡ ಇಟ್ಟರು. ಅವರ ಮುಂದೆ ಒಂದು ಚೊಂಬು ಗಂಜಿಯಿತ್ತು.

"ಮೊದ್ಲನೇ ದಿನಾನೇ ಗೊತ್ತಾಯ್ತು ಕಣೇ. ಮೈಗೆ ನೀರಾಕ್ಕಂಡ್ರೆ ಮೊಟ್ಟೆ ವಾಸ್ನೆ. ಬಾಯಿ ಕಟ್ಕಂಡು ಕೂತೋಳ ಮೂಗಿಗೆ ತಪ್ಪುತ್ತಾ?" ಅಂದರು. "ಅಂಗೇ ಗುಡಿಗೋದೆ. ಆಯಮ್ಮಂಗೆ ಏಳ್ದೆ, ಅರಕೆ ಮುರಿದೋರು ಅವರಲ್ಲ, ನಾನು. ಅವ್ರ ತಂಟೆಗೋಗ್ಬೇಡ. ಅದ್ರ ಬದ್ಲು ನಾನಿರೋವರ್ಗೂ ನೀಸು ಮುಟ್ಟಲ್ಲ ಅಂತ."

ಯಜಮಾನರು ಕೈಯಲ್ಲಿದ್ದ ಮೂಳೆಯನ್ನು ತಟ್ಟೆಗೆ ಹಾಕಿದರು. ಅತ್ತೆ, "ತಿನ್ಲಾ, ಆರೋಯ್ತದೆ" ಅಂದು ಗಂಜಿಗೆ ಉಪ್ಪು ಹಾಕಿಕೊಂಡರು. ಮಗ, ಮೂಳೆ ಸಾರು ಎರಡರಲ್ಲಿ ಯಾವುದು ಹೆಚ್ಚು ಅಂತ ನಾನು ಕೇಳದೇ ಉಳಿಸಿಕೊಂಡಿದ್ದ ಪ್ರಶ್ನೆಗೆ ಅವತ್ತು ಉತ್ತರ ಸಿಕ್ಕಿತು.

ಆ ದಶಕ ಮುಗಿಯುವ ಮೊದಲೇ ಅತ್ತೆಗೆ ಕಾಯಿಲೆಯಾಯಿತು. ವಯಸ್ಸಿನ ಕಾಯಿಲೆ, ಹಾಸಿಗೆ ಹಿಡಿದರು. ನನಗೆ ಸುಮ್ಮನಿರಲಾಗಲಿಲ್ಲ. ಒಂದು ಬೆಳಗ್ಗೆ ಅದೇ ಹಂಡೆಯಲ್ಲಿ ಒಂದು ಮೊಟ್ಟೆ ಬೇಯಿಸಿ, ಸುಲಿದು, ಉಪ್ಪು ಮೆಣಸು ಉದುರಿಸಿ ಒಯ್ದೆ. ಇದು ಔಷಧಿ ಅತ್ತೆ, ಊರಮ್ಮ ಏನೂ ಅಂದುಕೊಳ್ಳಲ್ಲ ಅಂದೆ. ಅವರು ಕಣ್ಣು ತೆರೆದು ಮೊಟ್ಟೆ ನೋಡಿದರು. ಮೂಗು ಅರಳಿತು, ಅದು ನನಗೆ ಚೆನ್ನಾಗಿ ಕಂಡಿತು. ಆಮೇಲೆ ಹಾಸಿಗೆಯ ಪಕ್ಕ ಕೂತಿದ್ದ ಮಗನ ಕಡೆ ಗದ್ದ ತೋರಿಸಿದರು.

"ಅವ್ನಿಗಿಕ್ಕು. ತೂಕ ಇಳ್ದುಬಿಟ್ಟಾನು."

ಯಜಮಾನರು ಆಗ ನೂರೈವತ್ತು ಪೌಂಡಿದ್ದರು. ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಬೇಡ ಅನ್ನಲಿಲ್ಲ ಅವರು. ಅಮ್ಮ ನೋಡುತ್ತಿರುವಂತೆಯೇ ಅಲ್ಲೇ ಕೂತು, ಒಂದು ಚೂರೂ ಬಿಡದೆ ಪೂರ್ತಿ ತಿಂದರು.